ಆಶಾರಾಣಿ ಅಗೆದ ಮೂರು ಕಂದು

"ಅಮ್ಮಾ, ಆಶಕ್ಕ ಯಾಕೆ ಚಪ್ಪಲಿಗೆ ಸ್ನಾನ ಮಾಡಿಸ್ತಾರೆ?"

ವಾಣಿ ಇದನ್ನು ಕೇಳಿದಾಗ ನಾನು ಅವಳ ತಲೆಗೆ ಎಣ್ಣೆ ಹಚ್ಚುತ್ತಿದ್ದೆ. ಐದು ವರ್ಷದ ಹುಡುಗಿ. ಕತ್ತು ತಿರುಗಿಸದೆ ಪ್ರಶ್ನೆ ಕೇಳಲು ಬರುವುದಿಲ್ಲ. ಎಣ್ಣೆ ಕಿವಿಯ ಹಿಂದೆ ಇಳಿಯಿತು. ಅಂಗಳದ ನಲ್ಲಿಯ ಹತ್ತಿರ ಆಶಾರಾಣಿ ಕುಕ್ಕುರುಗಾಲಲ್ಲಿ ಕೂತು, ಚಪ್ಪಲಿಯನ್ನು ಬೋರಲು ಹಿಡಿದು, ಹಳೆಯ ಟೂತ್ ಬ್ರಷ್ಷಿನಿಂದ ಅದರ ಅಡಿಯ ಒಂದೊಂದು ಗೆರೆಯನ್ನೂ ಉಜ್ಜುತ್ತಿದ್ದಳು. ಪಕ್ಕದಲ್ಲಿ ಪೇಂಟ್ ಡಬ್ಬಿ, ಅದರ ತುಂಬ ಬ್ಲೀಚಿಂಗ್ ಪೌಡರ್ ಕಲಸಿದ ನೀರು. ಚಪ್ಪಲಿಯಾದ ಮೇಲೆ ಸ್ಕೂಟರಿನ ಎರಡು ಚಕ್ರ. ಚಕ್ರವಾದ ಮೇಲೆ ಬ್ರಷ್ಷನ್ನೂ ಅದೇ ನೀರಿನಲ್ಲಿ ಅದ್ದಿ ಗೋಡೆಗೆ ಒರಗಿಸಿಟ್ಟು, ಬರಿಗಾಲಲ್ಲಿ ಮೆಟ್ಟಿಲು ಹತ್ತಿದಳು.

"ಅವರಿಗೆ ಕೊಳೆ ಕಂಡರೆ ಆಗಲ್ಲ ಪುಟ್ಟಿ" ಎಂದೆ.

"ಸುಳ್ಳು. ಅವರ ರೂಮಲ್ಲಿ ಬಟ್ಟೆ ಎಲ್ಲ ಕುರ್ಚಿ ಮೇಲೇ ಇರತ್ತೆ."

ಮಗು ಹೇಳಿದ್ದು ನಿಜ. ಆಶಾರಾಣಿ ಕೊಳೆಗೆ ಹೆದರುವವಳಲ್ಲ. ನಂಜನಗೂಡಿನ ನಮ್ಮ ಮನೆಯ ಮಹಡಿಯ ಒಂಟಿ ಕೋಣೆಗೆ ಅವಳು ಬಾಡಿಗೆಗೆ ಬಂದು ಆಗ ಎರಡು ವರ್ಷ. ಹೆಮ್ಮರಗಾಲದ ಸಣ್ಣಯ್ಯ, ಶಿವನಂಜಮ್ಮ ಅವರ ಕಿರಿಯ ಮಗಳು. ಕೃಷಿಯಲ್ಲಿ ಬಿ.ಎಸ್ಸಿ. ಮುಗಿಸಿ, ರೈತರೇ ಸೇರಿ ಕಟ್ಟಿಕೊಂಡ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದಳು. ದಿನಕ್ಕೆ ಮೂರು ನಾಲ್ಕು ಊರು ಸುತ್ತಿ, ಯಾರ ಗದ್ದೆಗೆ ಏನು ಹುಳು, ಯಾರ ತೋಟಕ್ಕೆ ಏನು ಗೊಬ್ಬರ ಎಂದು ನೋಡಿಕೊಂಡು ಬರುವಳು. ಬಂದವಳು ಮೊಣಕಾಲವರೆಗೆ ಕೆಸರಿದ್ದರೂ ಹಾಗೇ ಕೂತು ನನ್ನ ಜೊತೆ ಕಾಫಿ ಕುಡಿಯುವಳು. ಆದರೆ ಅದಕ್ಕೆ ಮೊದಲು ಚಪ್ಪಲಿ ತೊಳೆಯಬೇಕು. ಹೊರಡುವ ಮುಂಚೆಯೂ ತೊಳೆಯಬೇಕು. ಒಂದು ತೋಟದಿಂದ ಇನ್ನೊಂದಕ್ಕೆ ಹೋಗುವ ನಡುವೆಯೂ ಬಾಟಲಿ ನೀರು ತೆಗೆದು ರಸ್ತೆಯ ಅಂಚಿನಲ್ಲಿ ಕೂರುತ್ತಾಳೆ ಎಂದು ಅವಳ ಜೊತೆ ಕೆಲಸ ಮಾಡುವ ಮಂಟೇಸ್ವಾಮಿ ಒಮ್ಮೆ ನಗುತ್ತ ಹೇಳಿದ್ದ. ನಮ್ಮ ಮನೆಯವರಂತೂ ಆ ಹುಡುಗಿಗೆ ಯಾವುದೋ ಮಡಿ ಹಿಡಿದಿದೆ ಎಂದೇ ತಿಳಿದಿದ್ದರು.

ನಾನು ಗಮನಿಸಿದ್ದು ಬೇರೆ. ಶುಕ್ರವಾರ ಕುಂಕುಮಕ್ಕೆ ಕರೆದರೆ ಎಲೆ ಅಡಿಕೆ ತೆಗೆದುಕೊಳ್ಳುತ್ತಿದ್ದಳು, ತಟ್ಟೆಯ ಬಾಳೆಹಣ್ಣನ್ನು ಅಲ್ಲೇ ಬಿಡುತ್ತಿದ್ದಳು. ಒಂದು ಸಲ ಇಬ್ಬರೂ ಮಾರ್ಕೆಟ್ಟಿಗೆ ಹೋಗಿದ್ದಾಗ ಯಾರೋ ಒಬ್ಬ ಅಜ್ಜಿ ಪುಟ್ಟ ಬುಟ್ಟಿಯಲ್ಲಿ ರಸಬಾಳೆ ಇಟ್ಟುಕೊಂಡು ಕೂತಿತ್ತು. ನಮ್ಮ ಊರಿನ ಹೆಸರು ಹೊತ್ತ ಹಣ್ಣು, ನಮ್ಮ ಊರಿನಲ್ಲೇ ಸಿಗುವುದು ಅಪರೂಪ. ಬಿಸಿಲಿಗೆ ಅದರ ಘಮ ಎದ್ದು ಬೀದಿಗೆಲ್ಲ ಹರಡಿತ್ತು. ಆಶಾ ನಿಂತುಬಿಟ್ಟಳು. ನಾನು ಎರಡು ಹಣ್ಣು ಕೊಂಡು ತಿರುಗಿ ನೋಡಿದರೆ ಅವಳು ನಾಲ್ಕು ಅಂಗಡಿ ಆಚೆ, ಮೂಗಿಗೆ ದುಪಟ್ಟಾ ಒತ್ತಿ ಹಿಡಿದುಕೊಂಡಿದ್ದಳು. ಕೇಳಿದ್ದಕ್ಕೆ, ಇದು ಗೊನೆ ಮಾಗಿಸುತ್ತಿದ್ದ ನಮ್ಮ ಹಟ್ಟಿಯ ಅಟ್ಟದ ವಾಸನೆ ಅಕ್ಕ, ಎಂದಷ್ಟೇ ಹೇಳಿದಳು. ಹೆಮ್ಮರಗಾಲದಲ್ಲಿ ಅವರ ತೋಟ ಸೊರಗು ರೋಗಕ್ಕೆ ಹೋಗಿ ನಾಲ್ಕು ವರ್ಷವಾಗಿತ್ತು. ಬಾಳೆಯ ಬುಡದ ಎಲೆ ಅಂಚಿನಿಂದ ಹಳದಿ ತಿರುಗಿ, ಮುರಿದು, ಲಂಗದ ಹಾಗೆ ಕಾಂಡದ ಸುತ್ತ ಜೋತು ಬೀಳುವ ರೋಗ. ಕಾಲುವೆ ನೀರಿನಲ್ಲಿ ಬಂತು ಎಂದು ಸಣ್ಣಯ್ಯ ಎಲ್ಲರಿಗೂ ಹೇಳುತ್ತಿದ್ದ.

ಆ ವರ್ಷ ಅವಳ ಮುಂದೆ ಎರಡು ದಾರಿ ಇದ್ದವು. ಒಂದು, ಇಲ್ಲೇ ಎಂ.ಎಸ್ಸಿ., ಸಸ್ಯರೋಗ ಶಾಸ್ತ್ರ. ಪರೀಕ್ಷೆ ಬರೆದು ಸೀಟು ಸಿಕ್ಕಿತ್ತು. ಇನ್ನೊಂದು, ಹೊರದೇಶದ ಒಂದು ವಿಶ್ವವಿದ್ಯಾಲಯದಲ್ಲಿ ಅಂತರರಾಷ್ಟ್ರೀಯ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ. ಒಂದು ವರ್ಷ ಅಲ್ಲಿ ಪಾಠ, ಇನ್ನೊಂದು ವರ್ಷ ಉಗಾಂಡಾದ ಹಳ್ಳಿಗಳಲ್ಲಿ ಇದ್ದು ಕೆಲಸ. ಅದಕ್ಕೆ ಅರ್ಜಿ ಹಾಕಿದ್ದಳು, ಸಂದರ್ಶನ ಬಾಕಿ ಇತ್ತು.

ಸಣ್ಣಯ್ಯ ಮಗಳ ರೂಮಿಗೆ ತೆಂಗಿನಕಾಯಿ ಹೊತ್ತು ತಂದ ದಿನ ನಮ್ಮ ಜಗುಲಿಯಲ್ಲೇ ಕೂತು ತನ್ನ ತೀರ್ಮಾನ ಹೇಳಿದ. "ರೋಗದ್ ಓದೇ ಓದ್ಲಿ ಕಣವ್ವ. ಬಾಳೆಗೊಂದ್ ಮದ್ದು ಕಂಡಿಡುದ್ಬುಟ್ರೆ ಸಾಕು, ನಮ್ ಮಣ್ಣು ನಮ್ಗೆ ವಾಪಸ್ ಬತ್ತದೆ. ಆ ಉಗಾಂಡಾದಲ್ಲಿ ಇವ್ಳೇನ್ ಮಾಡಾಳು, ಅವ್ರ್ ಬೇಸಾಯ ಅವ್ರ್ ಮಾಡ್ಕತರೆ."

ನಮ್ಮ ಮನೆಯವರು ಎರಡರಲ್ಲಿ ಯಾವುದಕ್ಕೆ ಕೆಲಸ ಬೇಗ ಸಿಗುತ್ತದೆ ಎಂದು ಕೇಳಿದರು. ನಾನೂ ಅದನ್ನೇ ಕೇಳಿದೆ, ಸುಳ್ಳೇಕೆ. ಆಶಾ ನನ್ನ ಜೊತೆ ಬೆಳ್ಳುಳ್ಳಿ ಸುಲಿಯುತ್ತ ತಾಳ್ಮೆಯಿಂದ ವಿವರಿಸಿದಳು. ಒಂದರಲ್ಲಿ ರೋಗವನ್ನು ನೋಡುವುದು. ಇನ್ನೊಂದರಲ್ಲಿ, ಒಂದು ಮನೆಯ ಬೀಜ, ಸಸಿ, ಕಂದು ಇನ್ನೊಂದು ಮನೆಗೆ ಹೇಗೆ ಹೋಗುತ್ತದೆ, ಯಾರು ಯಾರಿಗೆ ಕೊಡುತ್ತಾರೆ, ಯಾಕೆ ಕೊಡುತ್ತಾರೆ ಎಂದು ನೋಡುವುದು. ಕಂದು ಎಂದರೆ ತಾಯಿ ಬಾಳೆಯ ಬುಡದಲ್ಲಿ ಏಳುವ ಮರಿ ಎಂದು ವಾಣಿಗೂ ಬಿಡಿಸಿ ಹೇಳಿದಳು. ಈ ರೋಗಕ್ಕೆ ಮದ್ದಿಲ್ಲ ಅಕ್ಕ, ಎಂದಳು. ಅಪ್ಪನಿಗೆ ಅದನ್ನು ಹೇಳಲು ನಾಲಗೆ ಬರುತ್ತಿಲ್ಲ. ಇದರ ಶಿಲೀಂಧ್ರ ಮಣ್ಣಿಗೆ ಒಮ್ಮೆ ಬಂದರೆ ಇಪ್ಪತ್ತು ವರ್ಷ ಇರುತ್ತದೆ, ಬಾಳೆ ಇಲ್ಲದಿದ್ದರೂ ಇರುತ್ತದೆ, ಕಾಯುತ್ತ ಇರುತ್ತದೆ.

"ದೆವ್ವದ ಥರಾನಾ?" ವಾಣಿ ಕೇಳಿದಳು.

"ಹ್ಞೂಂ ಪುಟ್ಟಿ."

"ಚಪ್ಪಲಿಗೆ ಅಂಟಿಕೊಳ್ಳತ್ತಾ?"

ಆಶಾ ಬೆಳ್ಳುಳ್ಳಿ ಕೆಳಗಿಟ್ಟು ಮಗುವಿನ ಕಡೆ ತಿರುಗಿದಳು. "ಅಂಟಿಕೊಳ್ಳತ್ತೆ" ಎಂದಳು. ನನ್ನ ಮಗಳ ಪ್ರಶ್ನೆಗೆ ಹೀಗೆ ಉತ್ತರ ಸಿಕ್ಕಿತು. ಅದು ಪೂರ್ತಿ ಉತ್ತರವಲ್ಲ ಎಂದು ನನಗೆ ಗೊತ್ತಾಗಲು ಏಪ್ರಿಲ್ ಬರಬೇಕಾಯಿತು.

ಮಹಡಿಯಲ್ಲಿ ನೆಟ್‌ವರ್ಕ್ ನಿಲ್ಲುವುದಿಲ್ಲವಾದ್ದರಿಂದ ಸಂದರ್ಶನಕ್ಕೆ ನಮ್ಮ ಊಟದ ಮೇಜನ್ನೇ ಬಿಟ್ಟುಕೊಟ್ಟೆ. ವಾಣಿಯನ್ನು ಪಕ್ಕದ ಮನೆಗೆ ಕಳಿಸಿ, ನಾನು ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತ ಕೂತೆ. ನನ್ನ ಇಂಗ್ಲಿಷು ಪಿಯುಸಿಯದು, ಆದರೂ ಮಾತು ತಿಳಿಯುತ್ತಿತ್ತು. ಲ್ಯಾಪ್‌ಟಾಪಿನಲ್ಲಿ ಮೂವರು. ಅವರಲ್ಲಿ ಒಬ್ಬರು ಉಗಾಂಡಾದ ಹೆಂಗಸು, ನೆರೆತ ಕೂದಲು, ಮೆತ್ತನೆಯ ದನಿ. ಈ ವಿಷಯವನ್ನೇ ಯಾಕೆ ಓದಬೇಕು ಅನ್ನಿಸಿತು, ನಿಮ್ಮ ಊರಿನ ಒಂದು ಉದಾಹರಣೆ ಕೊಟ್ಟು ಹೇಳಿ ಎಂದು ಆಕೆ ಕೇಳಿದರು.

ಆಶಾ ಹೇಳತೊಡಗಿದಳು. ಅವರ ಮನೆಯಲ್ಲೊಂದು ಪದ್ಧತಿ. ಮಗಳು ಗಂಡನ ಮನೆಗೆ ಹೊರಡುವಾಗ ರಸಬಾಳೆಯ ಮೂರು ಕಂದು ಜೊತೆಗೆ ಹೋಗಬೇಕು. ಅವನ್ನು ಮನೆಯಲ್ಲಿ ಉಳಿಯುವ ಹೆಣ್ಣುಮಗಳೇ ಅಗೆದು ಕೊಡಬೇಕು. ಬುಡದ ಮಣ್ಣು ಉದುರಿಸಬಾರದು, ತೊಳೆಯಬಾರದು. ತವರಿನ ಮಣ್ಣು ಉದುರಿದರೆ ನಂಟು ಉದುರಿದಂತೆ ಎಂದು ಒದ್ದೆ ಗೋಣಿಯಲ್ಲಿ ಸುತ್ತಿ ಕಳಿಸುತ್ತಾರೆ. ಆರು ವರ್ಷದ ಹಿಂದೆ ಅಕ್ಕ ರಾಣಿಯ ಮದುವೆಯಾದಾಗ ಆಶಾ ಬಿ.ಎಸ್ಸಿ. ಎರಡನೇ ವರ್ಷ. ತೋಟದಲ್ಲಿ ಒಂದು ಬಾಳೆಯ ಬುಡದ ಎಲೆ ಹಳದಿಯಾಗಿದ್ದನ್ನು ಅವಳು ನೋಡಿದ್ದಳು. ಪೊಟ್ಯಾಷ್ ಸಾಲದು ಅಂದುಕೊಂಡು, ಅದರ ಪಕ್ಕದ್ದನ್ನೇ ಅಗೆದು, ಮಣ್ಣಿನ ಸಮೇತ ಕೊಟ್ಟಳು. ಮುಡುಕುತೊರೆಯಲ್ಲಿ ರಾಣಿಯ ಮಾವನಿಗೆ ಒಂದೂವರೆ ಎಕರೆ ರಸಬಾಳೆ ಇತ್ತು. ನಾಲ್ಕು ವರ್ಷದಲ್ಲಿ ಒಂದು ಗಿಡವೂ ಉಳಿಯಲಿಲ್ಲ.

ಆ ಹೆಂಗಸು ಎಲ್ಲ ಕೇಳಿಸಿಕೊಂಡು, ನಮ್ಮಲ್ಲೂ ತಾಯಂದಿರು ಮಗಳ ಜೊತೆ ಕಂದು ಕಳಿಸುತ್ತಾರೆ ಎಂದರು. ಆಮೇಲೆ ಇನ್ನೂ ಮೆಲ್ಲಗೆ ಕೇಳಿದರು: ಅಕ್ಕನ ಮನೆಯವರಿಗೆ ಇದನ್ನು ಹೇಳಿದ್ದೀಯಾ?

ಕುಕ್ಕರು ಕೂಗಿದರೆ ಮಾತು ಕೆಡುತ್ತದೆಂದು ನಾನು ಆಗಲೇ ಒಲೆ ಆರಿಸಿದ್ದೆ. ಮನೆಯಲ್ಲಿ ಫ್ಯಾನಿನ ಸದ್ದು ಮಾತ್ರ ಇತ್ತು.

ಹೇಳಿದ್ದೇನೆ ಮೇಡಂ, ಎಂದಳು ಆಶಾ.

ಹದಿನೈದು ದಿನಕ್ಕೆ ಸೀಟು ಬಂತು, ವಿದ್ಯಾರ್ಥಿವೇತನದ ಸಮೇತ. ಮೇ ಮೂವತ್ತೊಂದರೊಳಗೆ ಒಪ್ಪಿಗೆ ತಿಳಿಸಬೇಕು. ಸಸ್ಯರೋಗದ ಸೀಟಿಗೂ ಹೆಚ್ಚುಕಡಿಮೆ ಅದೇ ಗಡುವು. ಅವಳು ಎರಡಕ್ಕೂ ಏನೂ ತಿಳಿಸಲಿಲ್ಲ. ವಾಣಿ ಸಿಹಿ ಕೇಳಿದಾಗ ಒಂದು ಚಾಕೊಲೇಟು ತಂದುಕೊಟ್ಟು ಮೇಲೆ ಹೋದಳು. ಆ ವಾರ ನಲ್ಲಿಯ ಹತ್ತಿರ ಅವಳು ಕೂರುವ ಹೊತ್ತು ಹೆಚ್ಚಾಯಿತು. ಬ್ಲೀಚಿಂಗ್ ನೀರಿಗೆ ಬೆರಳ ತುದಿಗಳು ಬಿರಿದಿದ್ದವು. ತಟ್ಟೆ ಹಿಡಿಯುವಾಗ ನಾನೇ ಕಂಡೆ. ಒಂದು ಭಾನುವಾರ ಮಧ್ಯಾಹ್ನ ಕೊಬ್ಬರಿ ಎಣ್ಣೆ ಹಚ್ಚಿಕೊಡುವ ನೆಪದಲ್ಲಿ ಅವಳ ಕೈ ಹಿಡಿದುಕೊಂಡೇ ಕೇಳಿದೆ: "ನೀನು ಅವರಿಗೆ ಹೇಳಿಲ್ಲ ಅಲ್ವಾ?"

ಅವಳು ಅಳಲಿಲ್ಲ. ಪರೀಕ್ಷೆಯಲ್ಲಿ ಗೊತ್ತಿರುವ ಪ್ರಶ್ನೆ ಬಂದವಳ ಹಾಗೆ ಒಂದೇ ಸಮನೆ ಹೇಳಿದಳು. ಮದುವೆಯಾಗಿ ಎಂಟು ತಿಂಗಳಿಗೆ ಕಾಲೇಜಿನ ಕ್ಲಾಸಿನಲ್ಲಿ ಮೇಷ್ಟ್ರು ಗೋಡೆಯ ಮೇಲೆ ಒಂದು ಫೋಟೋ ತೋರಿಸಿದರು. ಅಂಚು ಹಳದಿಯಾದ ಎಲೆ, ಅಡ್ಡ ಕೊಯ್ದ ಕಾಂಡದಲ್ಲಿ ಸುಟ್ಟ ಹಾಗೆ ಉಂಗುರ ಉಂಗುರ. ನೋಡಿದ ಕೂಡಲೇ ಗುರುತು ಸಿಕ್ಕಿತು. ಅವತ್ತೇ ಒಂದು ಫೋನ್ ಮಾಡಿ, ಆ ಮೂರು ಗಿಡ ಕಿತ್ತು ಸುಡಿ ಅಂದಿದ್ದರೆ ತೋಟ ಉಳಿಯುತ್ತಿತ್ತೋ ಏನೋ. ರಾಣಿ ಆಗ ಆರು ತಿಂಗಳ ಬಸುರಿ, ಹೊಸ ಮನೆ. ತವರಿನಿಂದ ರೋಗ ತಂದಳು ಅನ್ನುತ್ತಾರೆ ಎಂದು ಸುಮ್ಮನಾದಳು. ಮುಂದಿನ ತಿಂಗಳು ಹೇಳೋಣ, ಮಗುವಾದ ಮೇಲೆ ಹೇಳೋಣ. ಅಷ್ಟರಲ್ಲಿ ಗಿಡಗಳು ಬೀಳತೊಡಗಿದವು. ರಾಣಿಯ ಅತ್ತೆ ಪಾಪಮ್ಮ, ಇವಳು ಹೊಸಿಲು ದಾಟಿದ ಮೇಲೇ ತೋಟ ಬಿತ್ತು, ಇವಳ ಕಾಲ್ಗುಣ ಸರಿಯಿಲ್ಲ ಎಂದು ಶುರುಮಾಡಿದಳು. ಐದು ವರ್ಷದಿಂದ ಆ ಮಾತು ಮನೆಯ ಉಪ್ಪಿನ ಹಾಗೆ ಎಲ್ಲದರಲ್ಲೂ ಬೀಳುತ್ತಿದೆ.

"ಗೊತ್ತಿಲ್ದೆ ಕೊಟ್ಟಿದ್ದು ತಪ್ಪಲ್ಲ ಅಕ್ಕ. ಗೊತ್ತಾದ ಮೇಲೆ ಸುಮ್ಮನಿದ್ದೆ. ಈಗ ಆ ಮೇಡಂಗೂ ಸುಳ್ಳು ಹೇಳಿದೆ. ಆ ಸುಳ್ಳು ಹೇಳಿ ಸಿಕ್ಕಿದ ಸೀಟು ಅದು. ಅದನ್ನ ನಿಜ ಮಾಡದೆ ಹೇಗೆ ತಗೊಳ್ಳಲಿ? ಬಿಟ್ಟುಬಿಟ್ಟು ರೋಗದ ಓದು ತಗೊಂಡರೆ ಯಾರಿಗೂ ಏನೂ ಹೇಳಬೇಕಿಲ್ಲ. ಬಾಗಿಲು ಹಾಕ್ಕೊಂಡು ಶಿಲೀಂಧ್ರ ನೋಡ್ಕೊಂಡು ಇರಬಹುದು."

ಮುಡುಕುತೊರೆ ಬೆಟ್ಟ ವಾಣಿ ನೋಡಿಲ್ಲ, ಮುಂದಿನ ಭಾನುವಾರ ನಾವೂ ಬರುತ್ತೇವೆ ಎಂದೆ. ಬೆಟ್ಟ ನೆಪ ಎಂದು ಇಬ್ಬರಿಗೂ ಗೊತ್ತಿತ್ತು.

ಟಿ. ನರಸೀಪುರದಲ್ಲಿ ಬಸ್ಸು ಬದಲಿಸಿ, ತಲಕಾಡಿನ ಬಸ್ಸು ಹತ್ತಿ, ಇಳಿಯುವಾಗ ಹತ್ತೂವರೆ. ಹಿಂದಿನ ವಾರ ಎರಡು ಮಳೆ ಬಿದ್ದು ನೆಲ ಮೆತ್ತಗಿತ್ತು. ಪಾಪಮ್ಮನ ಮನೆ ಊರಿನ ಅಂಚಿನಲ್ಲಿದೆ; ಹಿತ್ತಲು ದಾಟಿದರೆ ತೋಟ. ತೋಟ ಎಂದು ಇನ್ನೂ ಕರೆಯುತ್ತಾರೆ. ನಾನು ಬರೀ ನೆಲ ಇರುತ್ತದೆ ಅಂದುಕೊಂಡಿದ್ದೆ. ಇರಲಿಲ್ಲ. ಒಂದೂವರೆ ಎಕರೆಯುದ್ದಕ್ಕೂ ಹಳೆಯ ಸಾಲು ಹಿಡಿದು ಬಾಳೆಯ ಎಳೆ ಸುಳಿಗಳು ಎದ್ದು ನಿಂತಿದ್ದವು, ಮೊಣಕಾಲೆತ್ತರ, ಸೊಂಟದೆತ್ತರ. ಮಣ್ಣಿನೊಳಗೆ ಉಳಿದ ಹಳೆಯ ಗೆಡ್ಡೆಗಳು ಪ್ರತಿ ಮಳೆಗೂ ಹೀಗೆ ಚಿಗುರುತ್ತವಂತೆ. ಹೆಗಲೆತ್ತರಕ್ಕೆ ಬರುವಷ್ಟರಲ್ಲಿ ಹಳದಿಯಾಗಿ ಬೀಳುತ್ತವಂತೆ. ಮುಂದಿನ ಮಳೆಗೆ ಮತ್ತೆ. ಅವುಗಳ ನಡುವೆ ರಾಣಿಯ ಮಾವ ಮಾದಪ್ಪ ಗುದ್ದಲಿ ಹಿಡಿದು, ನೀರಿಗೆ ದಾರಿ ಬಿಡಿಸುತ್ತ ನಡೆಯುತ್ತಿದ್ದರು.

ಆ ಹಸಿರು ಕಂಡು ವಾಣಿ ನನ್ನ ಕೈ ಬಿಡಿಸಿಕೊಂಡು ಓಡಿದಳು.

"ನಿಲ್ಲು!"

ಆಶಾಳ ಗಂಟಲಿನಿಂದ ಅಂಥ ದನಿ ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಮಗು ಬದುವಿನ ಮೇಲೆ ಒಂದು ಕಾಲು ಎತ್ತಿಕೊಂಡೇ ನಿಂತುಬಿಟ್ಟಿತು. ಆಶಾ ಹೋಗಿ ಅವಳನ್ನು ಎತ್ತಿಕೊಂಡು ಬಂದಳು, ತಾನು ಬದುವಿಗೆ ಕಾಲು ತಾಗಿಸದೆ.

ಪಾಪಮ್ಮ ಒಳ್ಳೆಯ ಹೆಂಗಸು, ಬಾಯಿ ಮಾತ್ರ ಜೋರು. ಬಂದ ಕೂಡಲೇ ಮಜ್ಜಿಗೆ ಕೊಟ್ಟು, ವಾಣಿಯ ಕೆನ್ನೆ ಹಿಂಡಿ, ಆಶಾಳ ಕಡೆ ತಿರುಗಿದಳು.

"ಏನವ್ವ ಬಾಳೆ ಡಾಕ್ಟ್ರೇ, ಸೀಮೆ ಬುಟ್ಟು ಓಗ್ತಿದ್ದೀಯಂತೆ? ಓಗು ಓಗು. ಬರುವಾಗ ಬಾಳೆಗೊಂದ್ ಔಸ್ದಿ, ನಿಮ್ಮಕ್ಕನ್ ಕಾಲ್ಗುಣಕ್ಕೊಂದ್ ಔಸ್ದಿ, ಎಲ್ಡೂ ತಂದ್ಬುಡು."

ಎಲ್ಲರೂ ನಕ್ಕರು. ಒಲೆಯ ಹತ್ತಿರ ರೊಟ್ಟಿ ತಟ್ಟುತ್ತಿದ್ದ ರಾಣಿಯೂ ನಕ್ಕಳು, ತಲೆಯೆತ್ತದೆ, ಕೈ ನಿಲ್ಲಿಸದೆ. ಎಷ್ಟೋ ಸಲ ನಕ್ಕು ರೂಢಿಯಾದ ನಗು.

ಆಶಾ ಮಜ್ಜಿಗೆಯ ಲೋಟ ಕೆಳಗಿಟ್ಟಳು. "ಅದು ರಾಣಕ್ಕನ ಕಾಲ್ಗುಣ ಅಲ್ಲ ಅತ್ತೆ. ನನ್ ಕೈ. ಮದ್ವೇಲಿ ಬಂದ ಮೂರ್ ಕಂದು ನಾನೇ ಅಗ್ದಿದ್ದು. ಅದ್ರ ಬುಡ್ದಲ್ಲೇ ರೋಗ ಬಂತು. ನಂಗೆ ಎಂಟ್ ತಿಂಗ್ಳಿಗೇ ಗೊತ್ತಾಯ್ತು. ಯೋಳ್ನಿಲ್ಲ."

ಕಾಲೇಜು ಸೇರಿದ ಮೇಲೆ ಬಿಟ್ಟಿದ್ದ ಹಟ್ಟಿಯ ಮಾತು ಅವಳ ಬಾಯಿಗೆ ಅಷ್ಟೂ ವಾಪಸ್ ಬಂದಿತ್ತು.

ರೊಟ್ಟಿ ತಟ್ಟುವ ಸದ್ದು ನಿಂತಿತು. ಪಾಪಮ್ಮ ಆಶಾಳನ್ನು ನೋಡಲಿಲ್ಲ, ಸೊಸೆಯನ್ನು ನೋಡಿದಳು.

"ನಿಂಗೂ ಗೊತ್ತಿತ್ತಾ?"

"ಗೊತ್ತಿತ್ತು ಕಣತ್ತೆ" ಎಂದಳು ರಾಣಿ. ಕೊಟ್ಟಿಗೆಯ ಹಿಂದೆ ನೆಟ್ಟ ಆ ಮೂರೇ ಮೊದಲು ಬಿದ್ದವು. ಅವನ್ನು ನೋಡಿದವಳಿಗೆ ಗೊತ್ತಾಗದೆ ಇರುತ್ತದೆಯೇ ಎಂದು ಹಂಚಿನ ಕಡೆಗೇ ನೋಡುತ್ತ ಹೇಳಿದಳು. ತವರಿನಿಂದ ಬಂತು ಎನ್ನುವುದಕ್ಕಿಂತ ಕಾಲ್ಗುಣ ಎನ್ನಿಸಿಕೊಳ್ಳುವುದೇ ವಾಸಿ ಅನ್ನಿಸಿತಂತೆ. ಹಂಚಿನ ಮೇಲಿನ ರೊಟ್ಟಿ ಸೀದು ಹೋಗುತ್ತಿತ್ತು, ಯಾರೂ ತೆಗೆಯಲಿಲ್ಲ. ಕಡೆಗೆ ನಾನೇ ಎದ್ದು ತೆಗೆದೆ.

ಬಾಗಿಲಲ್ಲಿ ಮಾದಪ್ಪ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ. ಬೈಯುತ್ತಾರೆ ಎಂದು ನಾನು ವಾಣಿಯನ್ನು ಹತ್ತಿರ ಎಳೆದುಕೊಂಡೆ. ಅವರು ಕೇಳಿದ್ದು ಒಂದೇ.

"ಆ ಮೂರ್ ಕಂದಿನ್ ಮರಿನೂ ಅಂಗೇಯಾ, ಕೂಸು? ಅದ್ರಲ್ಲೂ ಇರ್ತದಾ?"

"ಇರ್ತದೆ ಮಾವ."

"ಬೀಗ್ರ್ ಮನೆ ಕಂದು, ಒಳ್ಳೆ ಜಾತಿ ಅಂತ ನಾನು ಕೇಳ್ದೋರ್ಗೆಲ್ಲ ಕೊಟ್ಟೆ. ಏಳ್ ಮನೆಗೆ ಕೊಟ್ಟಿವ್ನಿ. ಮಣ್ಣ್ ಸಮೇತ." ಗುದ್ದಲಿಯನ್ನು ಗೋಡೆಗೆ ಒರಗಿಸಿ ಕೆಳಗೆ ಕೂತು, ಬೆರಳು ಮಡಚುತ್ತ ಒಂದೊಂದೇ ಮನೆಯ ಹೆಸರು ಹೇಳತೊಡಗಿದರು. ಐದನೆಯದಕ್ಕೆ ನಿಂತರು. ಐದನೆಯದು ಅವರ ಸ್ವಂತ ತಂಗಿಯ ಮನೆ.

ಆಶಾ ಹೆಮ್ಮರಗಾಲದಿಂದ ಮುಡುಕುತೊರೆಯವರೆಗೆ ತಾನೊಬ್ಬಳೇ ಹೊತ್ತಿದ್ದು ಆ ಹೊತ್ತಿಗೆ ಇನ್ನೊಬ್ಬರ ಬೆನ್ನೇರಿತು. ಅವಳ ಮುಖ ನೋಡಿದೆ. ಹಗುರಾಗಿರಲಿಲ್ಲ.

ಪಾಪಮ್ಮ ನಮಗೆ ಊಟ ಹಾಕಿಯೇ ಕಳಿಸಿದಳು. ಕೈ ತೊಳೆದ ಮೇಲೆ ಹೊಸಿಲ ಹತ್ತಿರ ನಿಂತು, ಎಲ್ಲರಿಗೂ ಕೇಳುವ ಹಾಗೆ ತೀರ್ಮಾನ ಹೇಳಿದಳು. "ಇನ್ಮೇಲೆ ನಿಮ್ಮಟ್ಟಿ ಕಾಯಿ, ನಿಮ್ಮಟ್ಟಿ ಬಟ್ಟೆ, ನಿಮ್ಮಟ್ಟಿ ಒಂದ್ ಚಿಟ್ಕೆ ಮಣ್ಣು ಈ ಒಸ್ಲು ದಾಟ್ಕೂಡ್ದು. ಅವ್ಳು ಓಗಿ ಬರ್ಲಿ, ನಾನ್ ತಡ್ಯಕಿಲ್ಲ. ಬರಿ ಕೈಲಿ ಬರ್ಲಿ." ಕಾಲ್ಗುಣದ ಮಾತನ್ನು ಮತ್ತೆ ಎತ್ತಲಿಲ್ಲ. ಎತ್ತಬಾರದು ಎಂದು ತನಗೆ ತಾನೇ ಬಾಯಿಗೆ ಬೀಗ ಹಾಕಿಕೊಂಡಿದ್ದು ಅವಳ ತುಟಿಯಲ್ಲೇ ಕಾಣುತ್ತಿತ್ತು.

ಬಸ್ ಸ್ಟಾಪಿನವರೆಗೆ ರಾಣಿ ಬಂದಳು. ಎರಡನೆಯ ಮಗುವನ್ನು ಸೊಂಟದಿಂದ ಸೊಂಟಕ್ಕೆ ಬದಲಿಸುತ್ತ, ದೂರದ ಬಸ್ಸು ಕಾಣಿಸಿಕೊಂಡ ಮೇಲೆ ತಂಗಿಗೆ ಹೇಳಿದಳು:

"ನಿನ್ ಎದೆ ಅಗುರಾಯ್ತಾ? ಆಗ್ಲಿ ಬುಡು. ಅತ್ತೆ ಬಾಯಿ ತಡ್ಕಂಡಿದ್ದೆ ಕಣೆ, ಅದೇನ್ ದೊಡ್ದಲ್ಲ. ಗೌರಿ ಅಬ್ಬಕ್ಕೆ ಅಪ್ಪ ಬಾಗ್ನ ತತ್ತಾರಲ್ಲ, ಅದೊಂದ್ ಉಳ್ಕಂಡಿತ್ತು."

ಬಸ್ಸು ಹತ್ತುವ ಮೊದಲು ಆಶಾ ಬಾಟಲಿ ತೆಗೆದು ಮೂವರ ಚಪ್ಪಲಿಯನ್ನೂ ತೊಳೆದಳು. ವಾಣಿ ಸುಮ್ಮನೆ ಒಂದೊಂದೇ ಕಾಲು ಎತ್ತಿ ಕೊಟ್ಟಳು. ಕಂಡಕ್ಟರ್ ಹೊತ್ತಾಯಿತು ಎಂದು ಗೊಣಗಿದ.

ಟಿ. ನರಸೀಪುರದ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನಲ್ಲಿ ನಂಜನಗೂಡಿನ ಬಸ್ಸಿಗೆ ಕಾಯುತ್ತ ಅವಳು ಮೊಬೈಲಿನಲ್ಲಿ ಆ ಉಗಾಂಡಾದ ಮೇಡಂಗೆ ಬರೆದಳು: ಅವತ್ತು ಹೇಳಿರಲಿಲ್ಲ, ಸುಳ್ಳಾಡಿದೆ, ಇವತ್ತು ಹೇಳಿ ಬಂದೆ, ಸೀಟು ವಾಪಸ್ ತೆಗೆದುಕೊಂಡರೂ ಸರಿ. ಸೀಟು ಹೋದರೆ ಎಂದು ನಾನು ಕೇಳಿದೆ. ಇಲ್ಲಿಯ ಸೀಟು ಇದೆಯಲ್ಲ ಅಕ್ಕ, ಎಂದಳು. ಆದರೆ ಅದು ಅವಳಿಗೆ ಬೇಡವೆಂದು ದನಿಯೇ ಹೇಳುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ತಾನಾಗಿ ಅಂದಳು, "ಮಾವ ಏಳು ಮನೆ ಅಂತ ಬೆರಳು ಮಡಚಿದ್ರಲ್ಲ. ಅದನ್ನ ಯಾವ ಮೈಕ್ರೋಸ್ಕೋಪಿನಲ್ಲಿ ನೋಡಲಿ?"

ಮೂರನೆಯ ದಿನ ಉತ್ತರ ಬಂತು. ಸಮಿತಿಗೆ ತಿಳಿಸಿದ್ದೇವೆ, ಸೀಟು ಹಾಗೇ ಇದೆ, ಗಡುವಿನೊಳಗೆ ಒಪ್ಪಿಗೆ ಕೊಡು ಎಂದಿತ್ತು. ಕೆಳಗೆ ಆ ಮೇಡಂ ತಾವಾಗಿ ಒಂದು ಸಾಲು ಸೇರಿಸಿದ್ದರು: ಅವರು ಏನಂದರು? ಒಪ್ಪಿಗೆಯನ್ನು ಆಶಾ ಅವತ್ತೇ ಕಳಿಸಿದಳು, ಅಂತರರಾಷ್ಟ್ರೀಯ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಗೆ. ಆ ಸಾಲಿಗೆ ಮಾತ್ರ ಉತ್ತರ ಎರಡು ಸಲ ಬರೆದು ಅಳಿಸಿದ್ದನ್ನು ನಾನೇ ನೋಡಿದೆ.

ಅಪ್ಪನಿಗೂ ಹೇಳಿದಳು, ಎಲ್ಲವನ್ನೂ, ಮದ್ದಿಲ್ಲ ಎನ್ನುವುದನ್ನೂ. ಸಣ್ಣಯ್ಯ ಕಾಲುವೆ ನೀರಿನ ಮಾತು ಆಡುವುದನ್ನು ನಿಲ್ಲಿಸಿದ. ನಮ್ಮ ಮನೆಗೆ ಬರುವುದನ್ನೂ ಕಡಿಮೆ ಮಾಡಿದ.

ಜುಲೈಯಲ್ಲಿ ರಾಣಿ ಫೋನ್ ಮಾಡಿದಳು. ಮುನಿಸು ಹೋಗಿರಲಿಲ್ಲ, ಮಾವ ಕೇಳಿದರು ಎಂದು ಮಾಡಿದ್ದಳು. ಬ್ಲೀಚಿಂಗ್ ಪೌಡರ್ ಒಂದು ಬಕೆಟ್ಟಿಗೆ ಎಷ್ಟು ಹಾಕಬೇಕು? ಮಾದಪ್ಪ ಏಳು ಮನೆಗೂ ಹೋಗುತ್ತಿದ್ದಾರಂತೆ, ದಿನಕ್ಕೊಂದು ಮನೆ. ತಾನು ಕೊಟ್ಟ ಕಂದು ಎಲ್ಲಿ ನೆಟ್ಟಿರಿ ಎಂದು ಕೇಳಿ, ತೋರಿಸಿದ ಕಡೆ ಸುತ್ತ ಬೇಲಿ ಹಾಕಿ, ಹೊರಗೊಂದು ಬಕೆಟ್ ಇಟ್ಟು ಬರುತ್ತಾರಂತೆ. ನಾಲ್ಕು ಕಡೆ ಬಾಳೆ ಆಗಲೇ ಬಿದ್ದಿತ್ತು. ತಂಗಿಯ ಮನೆಗೆ ಇನ್ನೂ ಹೋಗಿಲ್ಲ. ತಮ್ಮ ತೋಟದಲ್ಲಿ ತಾವಾಗಿ ಏಳುವ ಸುಳಿಗಳನ್ನು ಮಾತ್ರ ಇನ್ನೂ ಕಿತ್ತಿಲ್ಲ. ಬೆಳಿಗ್ಗೆ ಎದ್ದು ಅವುಗಳ ನಡುವೆ ಒಂದು ಸುತ್ತು ಬರುತ್ತಾರಂತೆ, ಬಂದು ಚಪ್ಪಲಿ ತೊಳೆಯುತ್ತಾರಂತೆ. ಫೋನಿಟ್ಟ ಮೇಲೆ ಆಶಾ ಆ ಮೇಡಂಗೆ ಉತ್ತರ ಬರೆಯಲು ಕೂತಳು. ಈ ಸಲ ಅಳಿಸಲಿಲ್ಲ.

ಆಗಸ್ಟಿನಲ್ಲಿ ಹೊರಡುವ ಹಿಂದಿನ ದಿನ ಸಾಯಂಕಾಲ, ಪೆಟ್ಟಿಗೆ ಕಟ್ಟಿಯಾದ ಮೇಲೆ, ಅವಳು ಪೇಂಟ್ ಡಬ್ಬಿಯನ್ನೂ ಬ್ರಷ್ಷನ್ನೂ ತೊಳೆದು ತಂದು ನಮ್ಮ ನಲ್ಲಿಯ ಪಕ್ಕ ಇಟ್ಟಳು. ವಾಣಿ ಆಗಲೇ ಅದನ್ನು ತನ್ನದೆಂದು ಎತ್ತಿಕೊಂಡಳು. ನಾನು ಸೊಪ್ಪು ಬಿಡಿಸುತ್ತಿದ್ದೆ. ಆಶಾ ಪಕ್ಕದಲ್ಲಿ ಕೂತು ತಾನೂ ನಾಲ್ಕು ಕಡ್ಡಿ ಬಿಡಿಸಿ, ತಲೆ ಬಗ್ಗಿಸಿಕೊಂಡೇ ಕೇಳಿದಳು:

"ಅಕ್ಕ, ಒಂದು ಕೆಲಸ ಮಾಡಿಕೊಡ್ತೀರಾ? ಗೌರಿ ಹಬ್ಬಕ್ಕೆ ರಾಣಕ್ಕನಿಗೆ ಬಾಗಿನ ನಿಮ್ಮ ಮನೆಯಿಂದ ಹೋಗಲಿ. ಅವ್ವ ಸೀರೆ ತಂದಿಟ್ಟಿದಾಳೆ, ಅದು ಬೇಡ. ಇಲ್ಲೇ ಅಂಗಡೀಲಿ ನೀವೇ ಒಂದು ತೆಗೀರಿ, ಮೊರ, ಬಳೆ ಎಲ್ಲ ಇಲ್ಲೀದೇ ಇರಲಿ. ಪಾಪಮ್ಮತ್ತೆ ಎಲ್ಲಿಂದು ಅಂತ ಕೇಳೇ ಕೇಳ್ತಾರೆ. ನಂಜನಗೂಡಿಂದು ಅಂತ ಹೇಳಿದ್ರೆ ಅದು ಸುಳ್ಳಾಗಬಾರದು. ಹಣ್ಣಿಡೋವಾಗ ಬಾಳೆ ಇಡಬೇಡಿ, ಸೀಬೆ ಇಡಿ. ಮತ್ತೆ ನೀವೇ ಹೋಗಿ ಕೊಟ್ಟು ಬನ್ನಿ ಅಕ್ಕ, ವಾಣಿನೂ ಕರ್ಕೊಂಡು ಹೋಗಿ. ಬರೋವಾಗ ಬಸ್ಸು ಹತ್ತೋಕೆ ಮೊದಲು ಇಬ್ಬರ ಚಪ್ಪಲಿನೂ ತೊಳೀರಿ."